ಓವರ್‌ಸ್ಟೇಬಲ್ ಡಿಸ್ಟೆನ್ಸ್ ಡ್ರೈವರ್: ಯಾರಿಗೆ ಬೇಕು, ಯಾರಿಗೆ ಬೇಡ, ತಗೊಂಡ್ರೆ ಯಾವ್ದು

ಮೊದ್ಲೇ ಹೇಳ್ಬಿಡ್ತೀನಿ, ಡಿಸ್ಕ್ ಗಾಲ್ಫಲ್ಲಿ (ಫ್ರಿಸ್ಬೀ ತರದ ಡಿಸ್ಕನ್ನ ಎಸೆದು ಬಾಸ್ಕೆಟ್ಟಿಗೆ ಹಾಕೋ ಆಟ) ದೂರ ಹೋಗ್ಲಿ ಅಂತ ಓವರ್‌ಸ್ಟೇಬಲ್ ಡ್ರೈವರ್ ತಗೊಳ್ಳೋಕೆ ಹೊರಟಿದ್ರೆ ಸ್ವಲ್ಪ ನಿಲ್ಲಿ. ಕೊನೇಲಿ ಜೋರಾಗಿ ಒಂದು ಪಕ್ಕಕ್ಕೆ ತಿರುಗೋ ಈ ಜಾತಿ ಡಿಸ್ಕ್ ತಗೊಳ್ಳೋದು ಎಲ್ಲಿ ಹೋಗಿ ಬೀಳತ್ತೆ ಅನ್ನೋ ಗ್ಯಾರಂಟಿಗೆ. ಅಂಗಡೀಲಿ ಗೋಡೆ ತುಂಬ ನೇತಾಕಿರ್ತಾರೆ, ಒಂದೊಂದು 18-20 ಡಾಲರ್, ಬಣ್ಣ ನೋಡಿದ್ರೆ ಎಲ್ಲಾ ಬೇಕು ಅನ್ಸತ್ತೆ, ಅದ್ರಲ್ಲೂ ಸ್ಪೀಡ್ 13, 14 ಅಂತ ಬರ್ದಿದ್ರೆ ಕೈ ಸೀದಾ ಅಲ್ಲಿಗೇ ಹೋಗತ್ತೆ. ಅಮೆರಿಕದ ಬೇ ಏರಿಯಾ, ಆಸ್ಟಿನ್, ಶಾರ್ಲೆಟ್ ಕಡೆ ಇರೋ ನಮ್ಮೋರು ಸುಮಾರು ಜನ ವೀಕೆಂಡಲ್ಲಿ ಪಾರ್ಕಿಗೆ ಹೋಗಿ ಈ ಆಟ ಶುರು ಮಾಡಿದ್ದಾರೆ, ಜಾಸ್ತಿ ಕೋರ್ಸ್‌ಗಳು ಪಬ್ಲಿಕ್ ಪಾರ್ಕಲ್ಲೇ ಇರೋದ್ರಿಂದ ಆಡೋಕೆ ದುಡ್ಡೂ ಇಲ್ಲ, ಹಾಗಾಗಿ ಇರೋ ದುಡ್ಡೆಲ್ಲ ಡಿಸ್ಕ್ ಮೇಲೆ ಸುರೀತೀವಿ. ಅದನ್ನಾದ್ರೂ ಸರಿಯಾಗಿ ಸುರಿಯೋಣ ಅಂತ ಇಷ್ಟು ಬರೀತಿದೀನಿ.

ಇಲ್ಲಿ ಹೇಳೋದೆಲ್ಲ ಬಲಗೈಯಲ್ಲಿ ಬ್ಯಾಕ್‌ಹ್ಯಾಂಡ್ ಎಸೆಯೋರ ಲೆಕ್ಕ. ಎಡಗೈಯೋರು ಎಡ-ಬಲ ಉಲ್ಟಾ ಮಾಡ್ಕೊಳ್ಳಿ, ಬಲಗೈ ಫೋರ್‌ಹ್ಯಾಂಡೂ ಹಾಗೇ ಉಲ್ಟಾ.

ಡಿಸ್ಕ್ ಮೇಲೆ ನಾಲ್ಕು ನಂಬರ್ ಇರತ್ತಲ್ಲ, ಸ್ಪೀಡ್, ಗ್ಲೈಡ್, ಟರ್ನ್, ಫೇಡ್. ಇದು ಇನ್ನೋವಾ ಅನ್ನೋ ಡಿಸ್ಕ್ ಕಂಪನಿಯವರು ಜನಪ್ರಿಯ ಮಾಡಿದ ಪದ್ಧತಿ, ಈಗ ಹೆಚ್ಚುಕಮ್ಮಿ ಎಲ್ಲಾ ಕಂಪನಿಗಳೂ ಬಳಸ್ತಾರೆ. ಸ್ಪೀಡ್ ಅಂದ್ರೆ ಸರಿಯಾಗಿ ಹಾರೋಕೆ ಎಷ್ಟು ವೇಗದಲ್ಲಿ ಎಸೀಬೇಕು ಅಂತ, ಗ್ಲೈಡ್ ಅಂದ್ರೆ ಗಾಳೀಲಿ ಎಷ್ಟು ತೇಲತ್ತೆ ಅಂತ. ಟರ್ನ್ ಅಂದ್ರೆ ಜೋರಾಗಿ ಹೋಗ್ತಿರುವಾಗ ಬಲಕ್ಕೆ ಎಷ್ಟು ವಾಲತ್ತೆ ಅಂತ, ಮೈನಸ್ ಜಾಸ್ತಿ ಆದಷ್ಟೂ ಬಲಕ್ಕೆ ಜಾಸ್ತಿ. ಫೇಡ್ ಅಂದ್ರೆ ವೇಗ ಇಳಿದ್ಮೇಲೆ ಕೊನೇಲಿ ಎಡಕ್ಕೆ ಎಷ್ಟು ಎಳೆಯತ್ತೆ ಅಂತ. ಟರ್ನ್ ಸೊನ್ನೆ ಅಥ್ವಾ ಅದರ ಆಸುಪಾಸು, ಫೇಡ್ 3, 4, 5 ಇದ್ರೆ ಅದು ಓವರ್‌ಸ್ಟೇಬಲ್. ಒಂದು ಮಾತು ನೆನಪಿಡಿ, ಪಿಡಿಜಿಎ (ಈ ಆಟದ ನಿಯಮ ನೋಡ್ಕೊಳ್ಳೋ ಸಂಸ್ಥೆ) ಡಿಸ್ಕಿನ ಅಳತೆ, ತೂಕ, ರಿಮ್ಮಿನ ಅಗಲ ಇವನ್ನೆಲ್ಲ ಚೆಕ್ ಮಾಡಿ ಅಪ್ರೂವ್ ಮಾಡತ್ತೆ, ಈ ಫ್ಲೈಟ್ ನಂಬರ್‌ಗಳನ್ನ ಯಾರೂ ಚೆಕ್ ಮಾಡಲ್ಲ, ಅದು ಕಂಪನಿಯವರು ತಾವೇ ಹಾಕ್ಕೊಳ್ಳೋದು. ಹಾಗಾಗಿ ಒಂದು ಕಂಪನಿಯ 12/5/0/3ನ ಇನ್ನೊಂದು ಕಂಪನಿಯ 12/5/0/3 ಜೊತೆ ಕಣ್ಮುಚ್ಕೊಂಡು ಸಮ ಅಂದ್ಕೋಬೇಡಿ.

ಯಾಕೆ ಎಡಕ್ಕೆ ಹೋಗತ್ತೆ ಅನ್ನೋದು ಸ್ವಲ್ಪ ಗೊತ್ತಿದ್ರೆ ಮುಂದಿನ ಆಯ್ಕೆ ಎಲ್ಲಾ ಸುಲಭ. ತಿರುಗ್ತಿರೋ ಬುಗುರಿಯನ್ನ ಬೆರಳಲ್ಲಿ ಒಂದು ಕಡೆ ತಳ್ಳಿದ್ರೆ ಅದು ತಳ್ಳಿದ ಕಡೆ ಬೀಳದೆ ಪಕ್ಕಕ್ಕೆ ವಾಲತ್ತೆ ಅಲ್ವಾ, ಡಿಸ್ಕ್ ಮಾಡೋದೂ ಅದನ್ನೇ. ವೇಗ ಜಾಸ್ತಿ ಇದ್ದಾಗ ಗಾಳಿ ಡಿಸ್ಕಿನ ಮೂಗನ್ನ, ಅಂದ್ರೆ ಮುಂದಿನ ಅಂಚನ್ನ, ಕೆಳಗೆ ಒತ್ತೋಕೆ ನೋಡತ್ತೆ, ಡಿಸ್ಕ್ ತಿರುಗ್ತಾ ಇರೋದ್ರಿಂದ ಆ ಒತ್ತಡ ಬಲಕ್ಕೆ ವಾಲೋದಾಗಿ ಕಾಣತ್ತೆ. ವೇಗ ಇಳಿದು ಡಿಸ್ಕ್ ಕೆಳಗಿಳಿಯೋಕೆ ಶುರುವಾದಾಗ ಮೂಗು ಮೇಲೇಳೋ ಕಡೆ ಒತ್ತಡ ಬರತ್ತೆ, ಆಗ ಎಡಕ್ಕೆ ವಾಲತ್ತೆ. ಓವರ್‌ಸ್ಟೇಬಲ್ ಡಿಸ್ಕಲ್ಲಿ ರಿಮ್ಮಿನ ಹೊರ ಅಂಚು ಸ್ವಲ್ಪ ಮೇಲಿರತ್ತೆ, ಅದರಿಂದ ಮೊದಲನೇ ಒತ್ತಡ ಕಮ್ಮಿ, ಎರಡನೇದು ಬೇಗ ಬರತ್ತೆ. ಅಷ್ಟೇ ವಿಷಯ. ಇದರ ಅರ್ಥ ಏನಪ್ಪಾ ಅಂದ್ರೆ ನಿಮ್ಮ ಕೈಯಲ್ಲಿ ವೇಗ ಇಲ್ದಿದ್ರೆ ಎಲ್ಲಾ ಡಿಸ್ಕೂ ಎರಡನೇ ಭಾಗಕ್ಕೇ ಸೀದಾ ಹೋಗ್ಬಿಡತ್ತೆ, ಅಂದ್ರೆ ಎಡಕ್ಕೆ ತಿರುಗಿ ದೊಪ್ ಅಂತ ಬೀಳತ್ತೆ.

ಅದಕ್ಕೇ ಯಾವ್ದು ತಗೊಳ್ಳೋದು ಅಂತ ಕೇಳೋ ಮುಂಚೆ ಎಷ್ಟು ದೂರ ಎಸೀತೀರ ಅಂತ ಅಳ್ಕೊಂಡು ಬನ್ನಿ. ಹತ್ತಿರದ ಹೈಸ್ಕೂಲಿನ ಅಮೆರಿಕನ್ ಫುಟ್ಬಾಲ್ ಮೈದಾನ ಸಾಕು, ಒಂದು ಗೋಲ್ ಲೈನಿಂದ ಇನ್ನೊಂದಕ್ಕೆ ಸರಿಯಾಗಿ 300 ಅಡಿ, ಇಲ್ಲಾಂದ್ರೆ ಯುಡಿಸ್ಕ್ ಆ್ಯಪಲ್ಲಿ ಥ್ರೋ ಅಳೆಯೋ ಸೌಲಭ್ಯ ಇದೆ. ಅದೃಷ್ಟಕ್ಕೆ ಒಂದ್ಸಲ ಹೋದ ದೂರ ಬೇಡ, ಸಾಮಾನ್ಯವಾಗಿ ಹೋಗೋ ದೂರ ಬರ್ಕೊಳ್ಳಿ. 250 ಅಡಿ ಒಳಗಿದ್ರೆ ಈ ಇಡೀ ಜಾತಿ ಡಿಸ್ಕೇ ಸದ್ಯಕ್ಕೆ ಬೇಡ. 250ರಿಂದ 325ರ ತನಕ ಎಸೆಯೋರಿಗೆ ಸ್ಪೀಡ್ 9ರ ಓವರ್‌ಸ್ಟೇಬಲ್ ಒಂದು ಸಾಕು, ಅದು ಡಿಸ್ಟೆನ್ಸ್ ಡ್ರೈವರ್ ಅಲ್ಲ ಫೇರ್‌ವೇ ಡ್ರೈವರ್ ಅಂತಾರೆ, ಅಂದ್ಕೊಳ್ಳಲಿ ಬಿಡಿ. 350 ದಾಟಿದ್ಮೇಲೆ ಸ್ಪೀಡ್ 12ರ ಮಾತು. 400ರ ಹತ್ತಿರ ಇದ್ರೆ ಆಗ 13, 14 ಎಲ್ಲಾ ನೋಡ್ಬಹುದು. ಇದು ನನ್ನ ಲೆಕ್ಕ, ಬೇರೆಯವರು ಹತ್ತಿಪ್ಪತ್ತು ಅಡಿ ಆಚೀಚೆ ಹೇಳ್ಬಹುದು.

ಯಾವ ಕೆಲಸಕ್ಕೆ ಬೇಕು

ನನ್ನ ಪ್ರಕಾರ ಮೂರು ಕೆಲಸಕ್ಕೆ ಈ ಡಿಸ್ಕ್ ನಿಜವಾಗ್ಲೂ ಬೇಕು, ಮತ್ತೆ ಮೂರಕ್ಕೂ ಬೇರೆ ಬೇರೆ ಡಿಸ್ಕ್ ಒಳ್ಳೇದು, ಇಲ್ಲೇ ಜನ ಗೊಂದಲ ಮಾಡ್ಕೊಳ್ಳೋದು.

ಮೊದಲನೇದು ಎದುರುಗಾಳಿ. ನೀವು ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಎಸೆದು ಎದುರಿಂದ 25ರ ಗಾಳಿ ಬರ್ತಿದ್ರೆ ಡಿಸ್ಕಿಗೆ ಅನ್ಸೋದು 115. ಅಷ್ಟು ವೇಗದಲ್ಲಿ ಮಾಮೂಲಿ ಡ್ರೈವರ್ ಬಲಕ್ಕೆ ವಾಲಿ ವಾಪಸ್ ಬರೋದೇ ಇಲ್ಲ, ಓಬಿಗೋ (ಆಟದ ಗಡಿ ಆಚೆ) ಕೆರೆಗೋ ಹೋಗ್ಬಿಡತ್ತೆ. ಓವರ್‌ಸ್ಟೇಬಲ್ ಆದ್ರೆ ಆ ಗಾಳೀಲಿ ನೆಟ್ಟಗೆ ಹೋಗತ್ತೆ, ಗಾಳಿ ಇಲ್ದಾಗ ಎಡಕ್ಕೆ ಬೀಳೋ ಡಿಸ್ಕ್ ಎದುರುಗಾಳಿಗೆ ಸ್ಟ್ರೇಟ್ ಆಗೋದು ನೋಡೋಕೇ ಒಂಥರಾ ಖುಷಿ. ಹಿಂಗಾಳಿಗೆ ಇದರ ಉಲ್ಟಾ, ಅದೇ 25 ಹಿಂದಿಂದ ಬಂದ್ರೆ ಡಿಸ್ಕಿಗೆ ಅನ್ಸೋದು 65 ಅಷ್ಟೇ, ಓವರ್‌ಸ್ಟೇಬಲ್ ಎಸೆದ್ರೆ ಅರ್ಧ ದಾರೀಲೇ ಎಡಕ್ಕೆ ಮುಗ್ಗರಿಸತ್ತೆ, ಬ್ಯಾಗಿಂದ ತೆಗೀಲೇಬೇಡಿ. 2016ರಲ್ಲಿ ಡೇವಿಡ್ ವಿಗ್ಗಿನ್ಸ್ ಜೂನಿಯರ್ ನೆವಾಡದ ಪ್ರಿಮ್ ಮರುಭೂಮೀಲಿ 338 ಮೀಟರ್ ಎಸೆದು ದಾಖಲೆ ಮಾಡಿದ್ದೂ ಜೋರು ಹಿಂಗಾಳಿ ಸಹಾಯದಿಂದ, ಆ ಲೋಕವೇ ಬೇರೆ, ಅಲ್ಲಿ ಗಾಳಿ ಮೇಲೆ ತೇಲೋ ಡಿಸ್ಕ್ ಬೇಕು.

ಎರಡನೇದು ಫೋರ್‌ಹ್ಯಾಂಡ್. ಮಣಿಕಟ್ಟಿಂದ ಚಟ್ ಅಂತ ಬಿಡುವಾಗ ಡಿಸ್ಕ್ ಸ್ವಲ್ಪ ಅಲುಗಾಡ್ತಾ ಹೋಗೋದು ಜಾಸ್ತಿ ಜನಕ್ಕೆ, ಆ ಅಲುಗಾಟ ಬೇರೆ ಡಿಸ್ಕನ್ನ ಮಗುಚಿ ಹಾಕತ್ತೆ, ಓವರ್‌ಸ್ಟೇಬಲ್ ತಡ್ಕೊಳ್ಳತ್ತೆ. ಬೆಂಗಳೂರಲ್ಲಿ ಅಲ್ಟಿಮೇಟ್ ಫ್ರಿಸ್ಬೀ ಆಡಿ ಇಲ್ಲಿಗೆ ಬಂದವರಿಗೆ ಇದನ್ನ ಒತ್ತಿ ಹೇಳ್ತೀನಿ. ನಿಮ್ಗೆ 175 ಗ್ರಾಮಿನ ಅಲ್ಟ್ರಾ-ಸ್ಟಾರಲ್ಲಿ ಫ್ಲಿಕ್ ಚೆನ್ನಾಗಿ ಬಂದಿರತ್ತೆ, ಗಾಲ್ಫ್ ಡ್ರೈವರ್ ಅದಕ್ಕಿಂತ ತುಂಬ ಚಿಕ್ಕದು, 21 ಸೆಂಟಿಮೀಟರ್ ಚಿಲ್ಲರೆ ಅಡ್ಡಗಲ, ತೂಕ ಮಾತ್ರ ಹೆಚ್ಚುಕಮ್ಮಿ ಅಷ್ಟೇ, ಮೊದಲ ದಿನದಿಂದ್ಲೇ ಫೋರ್‌ಹ್ಯಾಂಡಲ್ಲಿ ನೂರು ಅಡಿ ಜಾಸ್ತಿ ಹೋಗ್ಬಿಡತ್ತೆ. ಹಾಗಾಗಿ ಬ್ಯಾಕ್‌ಹ್ಯಾಂಡ್ ದೂರ ನೋಡಿ ಮೇಲೆ ಹೇಳಿದ ಲೆಕ್ಕ ಹಾಕ್ಬೇಡಿ, ನಿಮ್ಮ ಫೋರ್‌ಹ್ಯಾಂಡ್ ದೂರ ನೋಡಿ ಹಾಕಿ.

ಮೂರನೇದು ಕೊನೇಲಿ ತಿರುಗ್ಲೇಬೇಕು ಅನ್ನೋ ಜಾಗ. ಮರದ ಸಾಲು ದಾಟಿ ಎಡಕ್ಕೆ ಬಾಸ್ಕೆಟ್, ಮೇಲಕ್ಕೆ ಎತ್ತಿ ಹೈಜರಲ್ಲಿ (ಡಿಸ್ಕನ್ನ ಎಡಕ್ಕೆ ವಾಲಿಸಿ) ಹಾಕಿದ್ರೆ ಈಟಿ ತರ ಕೆಳಗಿಳಿಯತ್ತೆ, ಇಲ್ಲಾ ತಗ್ಗಾಗಿ ಎಸೆದು ನೆಲಕ್ಕೆ ಬಿದ್ಮೇಲೆ ಜಾರಿಸ್ಕೊಂಡು ಹೋಗೋದು. ಈ ಜಾರೋದು (ಸ್ಕಿಪ್) ಎಷ್ಟು ಅನ್ನೋದು ನೆಲ ಹೇಗಿದೆ ಅನ್ನೋದರ ಮೇಲೆ ಹೋಗತ್ತೆ, ಕ್ಯಾಲಿಫೋರ್ನಿಯಾ ಬೇಸಿಗೇಲಿ ಒಣಗಿದ ಗಟ್ಟಿ ನೆಲಕ್ಕೆ ಬಿದ್ರೆ 40-50 ಅಡಿ ಜಾರಿದ್ರೂ ಆಶ್ಚರ್ಯ ಇಲ್ಲ, ಮಳೆ ಬಂದು ಒದ್ದೆಯಾದ ಹುಲ್ಲಲ್ಲಿ ಅದೇ ಥ್ರೋ ಬಿದ್ದಲ್ಲೇ ಕೂತ್ಕೊಳ್ಳತ್ತೆ. ಬಲಕ್ಕೆ ವಾಲಿಸಿ ಬಿಟ್ಟು ಅದು ತಾನೇ ಸರಿಹೋಗಿ ಎಡಕ್ಕೆ ಬರೋ ಫ್ಲೆಕ್ಸ್ ಶಾಟೂ ಇದೇ ಲೆಕ್ಕಕ್ಕೆ ಸೇರತ್ತೆ.

ಈಗ ಡಿಸ್ಕ್‌ಗಳು

ಇನ್ನೋವಾ ಫೈರ್‌ಬರ್ಡ್, 9/3/0/4. ಹೆಸರಿಗೆ ಫೇರ್‌ವೇ ಡ್ರೈವರ್, ಆದ್ರೆ ಈ ಪಟ್ಟೀಲಿ ಒಂದೇ ಒಂದು ತಗೊಳ್ಳಿ ಅಂದ್ರೆ ನಾನು ಇದನ್ನೇ ಹೇಳೋದು. ಗ್ಲೈಡ್ 3 ಅಂದ್ರೆ ತೇಲಲ್ಲ, ಎಸೆದಷ್ಟೇ ಹೋಗತ್ತೆ, ಅದೇ ಇದರ ಗುಣ. ಕೈಯಲ್ಲಿ ವೇಗ ಸ್ವಲ್ಪ ಕಮ್ಮಿ ಬಂದ ದಿನಾನೂ ಇದು ಮಾಡೋ ಕೆಲಸ ಬದಲಾಗಲ್ಲ, ಸ್ಪೀಡ್ 12ರದ್ದು ಹಾಗಲ್ಲ, ಸುಸ್ತಾದ ಹದಿನಾಲ್ಕನೇ ಹೋಲಲ್ಲಿ ಬೇರೆಯದೇ ಡಿಸ್ಕ್ ಆಗ್ಬಿಡತ್ತೆ. 2017ರ ಯುಎಸ್‌ಡಿಜಿಸಿ (ಅಮೆರಿಕದ ದೊಡ್ಡ ಡಿಸ್ಕ್ ಗಾಲ್ಫ್ ಟೂರ್ನಿ) ಗೆದ್ದ ನೇಟ್ ಸೆಕ್ಸ್‌ಟನ್ ಫೋರ್‌ಹ್ಯಾಂಡಿಗೆ ಹೆಸರುವಾಸಿ, ಅವರ ಹೆಸರಲ್ಲಿ ಬರೋ ಫೈರ್‌ಬರ್ಡ್‌ಗಳನ್ನ ಜನ ಎಸೆಯದೆ ಶೋಕೇಸಲ್ಲಿ ಇಟ್ಕೊಳ್ಳೋ ಮಟ್ಟಕ್ಕೆ ಹೋಗಿದೆ, ನೀವು ಸಾದಾ ಚಾಂಪಿಯನ್ ಪ್ಲಾಸ್ಟಿಕ್ ತಗೊಂಡು ಮರಕ್ಕೆ ಹೊಡೀರಿ. ಡೈನಾಮಿಕ್ ಡಿಸ್ಕ್ಸ್‌ನ ಫೆಲನ್ 9/3/0.5/4, ಇದೇ ಕುಟುಂಬ. ಎರಡರಲ್ಲಿ ಯಾವ್ದು ಅನ್ನೋದು ಕೈಗೆ ಯಾವ್ದು ಕೂರತ್ತೆ ಅನ್ನೋದಷ್ಟೇ.

ಇನ್ನೋವಾ ಡಿಸ್ಟ್ರಾಯರ್, 12/5/ಮೈನಸ್ 1/3. ಡಿಸ್ಟೆನ್ಸ್ ಡ್ರೈವರ್ ಅಂದ ತಕ್ಷಣ ಬರೋ ಹೆಸರು ಇದು, ವೃತ್ತಿಪರರ ಟೂರಲ್ಲಿ ತುಂಬಾ ಜನ ಎಸೀತಾರೆ. ಆದ್ರೆ ಟೂರ್ ಆಟಗಾರರು ಗಂಟೆಗೆ 110 ಕಿಲೋಮೀಟರ್ ದಾಟಿ ಎಸೀತಾರೆ, ಅವ್ರಿಗೆ ಇದು ಸ್ವಲ್ಪ ಬಲಕ್ಕೆ ಹೋಗಿ ವಾಪಸ್ ಬರೋ ದೂರದ ಡಿಸ್ಕ್. ನಮ್ಮಂಥ ಕೈಗೆ ಆ ಮೈನಸ್ 1 ಕಾಣೋದೇ ಇಲ್ಲ, ಬರೀ ಫೇಡ್ 3 ಕಾಣತ್ತೆ, ಅಂದ್ರೆ ಬೇರೆ ಏನೂ ಮಾಡ್ದೆ ನಮ್ಗೆ ಇದೇ ಓವರ್‌ಸ್ಟೇಬಲ್ ಡಿಸ್ಕ್. ಈ ಒಂದು ಕಾರಣಕ್ಕೆ 330-380 ಅಡಿ ಎಸೆಯೋರು ಇನ್ನೂ ಓವರ್‌ಸ್ಟೇಬಲ್ ಹುಡುಕ್ಕೊಂಡು ಹೋಗೋದು ನನಗೆ ವ್ಯರ್ಥ ಅನ್ಸತ್ತೆ. ಡಿಸ್ಟ್ರಾಯರ್‌ನ ತಾಪತ್ರಯ ಏನಂದ್ರೆ ಒಂದು ಬ್ಯಾಚಿಗೂ ಇನ್ನೊಂದಕ್ಕೂ ವ್ಯತ್ಯಾಸ ಜಾಸ್ತಿ, ಒಂದು ಉಬ್ಬಿರತ್ತೆ ಒಂದು ಚಪ್ಪಟೆ ಇರತ್ತೆ, ಆನ್‌ಲೈನಲ್ಲಿ ಆರ್ಡರ್ ಮಾಡೋದಕ್ಕಿಂತ ಅಂಗಡೀಲಿ ಕೈಯಲ್ಲಿ ಹಿಡಿದು ತಗೊಳ್ಳೋದು ವಾಸಿ. ಡಿಸ್ಕ್ರಾಫ್ಟ್‌ನ ಝ್ಯೂಸ್ (Zeus) ಕೂಡ ಇದೇ ನಂಬರ್, ಆಟಗಾರ ಪಾಲ್ ಮೆಕ್‌ಬೆತ್ ಅವರ ಹೆಸರಿನ ಸಾಲಲ್ಲಿ ಬರತ್ತೆ, ಡಿಸ್ಟ್ರಾಯರ್ ಬೇಡ ಅನ್ನೋರು ಅದನ್ನ ಎಸೆದು ನೋಡಿ.

ಡಿಸ್ಕ್ರಾಫ್ಟ್ ಫೋರ್ಸ್, 12/5/0/3. ಡಿಸ್ಟ್ರಾಯರ್ ಬಲಕ್ಕೆ ಹೋಗ್ಬಿಡ್ತಿದೆ ಅನ್ನೋ ಮಟ್ಟಕ್ಕೆ ಕೈ ಬಂದ್ಮೇಲೆ ಮುಂದಿನ ಮೆಟ್ಟಿಲು ಇದು. ಗ್ಲೈಡ್ 5 ಇರೋದ್ರಿಂದ ಓವರ್‌ಸ್ಟೇಬಲ್ ಆದ್ರೂ ದೂರ ಪೂರ್ತಿ ಬಿಟ್ಕೊಡಲ್ಲ, ದೊಡ್ಡ ಹೈಜರಲ್ಲಿ ಬಯಲು ಮೇಲೆ ಹಾಕೋಕೆ ಚೆನ್ನಾಗಿರತ್ತೆ, ತಡೆಯಿಲ್ಲದ ಕೋರ್ಸಲ್ಲಿ ನನಗೆ ಇಷ್ಟ.

ಇನ್ನೋವಾ ಎಕ್ಸ್‌ಕ್ಯಾಲಿಬರ್ 12/5/0/4, ಡೈನಾಮಿಕ್ ಡಿಸ್ಕ್ಸ್ ಎನ್‌ಫೋರ್ಸರ್ 12/4/0.5/4. ನಿಜವಾದ ಪೈಪೋಟಿ ಇರೋದು ಈ ಎರಡರ ಮಧ್ಯೆ. ಕಾಗದದ ಮೇಲೆ ಒಂದೇ ತರ ಕಾಣತ್ತೆ, ಗ್ಲೈಡಲ್ಲಿ ಒಂದು ನಂಬರ್ ವ್ಯತ್ಯಾಸ ಇದೆ ನೋಡಿ, ಅದೇ ಎಲ್ಲಾ ತೀರ್ಮಾನ ಮಾಡೋದು. ಎಕ್ಸ್‌ಕ್ಯಾಲಿಬರ್ ಗಾಳೀಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲತ್ತೆ, ಎದುರುಗಾಳೀಲಿ ದೂರಾನೂ ಬೇಕು ಅನ್ನೋರಿಗೆ ಅದು. ಆದ್ರೆ ಗಾಳಿ ಪಕ್ಕದಿಂದ ಬಂದ್ರೆ ತೇಲೋ ಡಿಸ್ಕನ್ನ ಗಾಳಿ ಎತ್ಕೊಂಡು ಹೋಗತ್ತೆ, ಅಲ್ಲಿ ಎನ್‌ಫೋರ್ಸರ್ ಗೆಲ್ಲತ್ತೆ, ಅದು ತೇಲೋಕೆ ಹೋಗಲ್ಲ, ಮೊದಲಿಂದ ಕೊನೇ ತನಕ ಎಡದ ಕಡೇನೇ ಮುಖ. ಜೋರು ಫೋರ್‌ಹ್ಯಾಂಡ್ ಇರೋರಿಗೆ ಎನ್‌ಫೋರ್ಸರ್, ಬ್ಯಾಕ್‌ಹ್ಯಾಂಡಲ್ಲಿ ಗಾಳಿ ಕೋರ್ಸ್ ಆಡೋರಿಗೆ ಎಕ್ಸ್‌ಕ್ಯಾಲಿಬರ್, ಎರಡೂ ತಗೊಳ್ಳೋ ಅವಶ್ಯಕತೆ ಯಾರಿಗೂ ಇಲ್ಲ.

ಆಮೇಲೆ ದೊಡ್ಡವು. ಡೈನಾಮಿಕ್ ಡಿಸ್ಕ್ಸ್ ಡಿಫೆಂಡರ್ 13/5/0/3, ಡಿಸ್ಕ್ರಾಫ್ಟ್ ನ್ಯೂಕ್ ಓಎಸ್ 13/4/0/4, ಸ್ವೀಡನ್ನಿನ ಕಾಸ್ಟಾಪ್ಲಾಸ್ಟ್ ಕಂಪನಿಯ ರಾಸ್ಕ್ 14/3/0/4. ಇಲ್ಲಿ ನೋಡ್ಬೇಕಾದ್ದು ಫ್ಲೈಟ್ ನಂಬರ್‌ಗಿಂತ ನಿಮ್ಮ ಬೆರಳು. ಸ್ಪೀಡ್ ಜಾಸ್ತಿ ಆದಷ್ಟೂ ರಿಮ್ ಅಗಲ, ಡಿಸ್ಟ್ರಾಯರ್‌ದು 2.2 ಸೆಂಟಿಮೀಟರ್, ಪಿಡಿಜಿಎ ಮಿತಿ 2.6, ಈ ದೊಡ್ಡವು ಆ ಮಿತಿ ಕಡೆಗೆ ಹೋಗ್ತವೆ. ಚಿಕ್ಕ ಕೈಯೋರಿಗೆ ಬೆರಳ ತುದಿ ಒಳಗಿನ ಅಂಚಿಗೆ ಸರಿಯಾಗಿ ಸಿಕ್ಕಲ್ಲ, ಬೆವರಿದ ಕೈಯಲ್ಲಿ ಜಾರಿ ಬೇಗ ಬಿಟ್ಹೋಗತ್ತೆ, ಆಗ ಯಾವ ನಂಬರೂ ಕಾಪಾಡಲ್ಲ. ರಾಸ್ಕ್ ಅಂತೂ ಸ್ಪೀಡ್ 14 ಅನ್ನೋದು ನೋಡಿ ಮೋಸ ಹೋಗ್ಬೇಡಿ, ಗ್ಲೈಡ್ 3, ಬಿರುಗಾಳೀಲಿ ಆಡೋರ ಡಿಸ್ಕ್ ಅದು. ಮಾಮೂಲಿ ದಿನ ಎಸೆದ್ರೆ ಫೈರ್‌ಬರ್ಡ್ ಹೋಗೋ ಜಾಗಕ್ಕೇ ಜಾಸ್ತಿ ಕಷ್ಟಪಟ್ಟು ಹೋಗತ್ತೆ.

ಪ್ಲಾಸ್ಟಿಕ್, ತೂಕ, ಊರು

ಪ್ಲಾಸ್ಟಿಕ್ ವಿಷಯದಲ್ಲಿ ಜಿಪುಣತನ ಬೇಡ. ಡಿಎಕ್ಸ್ ತರದ ಕಮ್ಮಿ ಬೆಲೆಯದ್ದು ನಾಲ್ಕು ಮರಕ್ಕೆ ಹೊಡೆದ್ರೆ ಅಂಚು ಸವೆದು ಓವರ್‌ಸ್ಟೇಬಲ್ ಗುಣಾನೇ ಹೋಗ್ಬಿಡತ್ತೆ, ಆಮೇಲೆ ಅದನ್ನ ತಗೊಂಡಿದ್ದಕ್ಕೇ ಅರ್ಥ ಇಲ್ಲ. ಇನ್ನೋವಾದಲ್ಲಿ ಚಾಂಪಿಯನ್ ಅಥ್ವಾ ಸ್ಟಾರ್, ಡಿಸ್ಕ್ರಾಫ್ಟಲ್ಲಿ ಝಡ್ ಅಥ್ವಾ ಇಎಸ್‌ಪಿ, ಡೈನಾಮಿಕ್‌ನಲ್ಲಿ ಲೂಸಿಡ್, ಕಾಸ್ಟಾಪ್ಲಾಸ್ಟಲ್ಲಿ ಕೆ1, ಈ ಮಟ್ಟದ್ದು ತಗೊಳ್ಳಿ. ಚಾಂಪಿಯನ್ ಗಟ್ಟಿ, ಸಾಮಾನ್ಯವಾಗಿ ಸ್ಟಾರ್‌ಗಿಂತ ಸ್ವಲ್ಪ ಹೆಚ್ಚು ಓವರ್‌ಸ್ಟೇಬಲ್, ಸ್ಟಾರ್ ಕೈಗೆ ಹಿಡಿತ ಚೆನ್ನಾಗಿ ಕೊಡತ್ತೆ, ಮಳೆ ಊರಲ್ಲಿ ಆಡೋರು ಸ್ಟಾರ್ ಕಡೆ ಹೋಗಿ. ಅಂಗಡೀಲಿ ಒಂದೇ ಮೋಲ್ಡಿನ (ಒಂದೇ ಅಚ್ಚಿನ, ಒಂದೇ ಹೆಸರಿನ) ಎರಡು ಮೂರು ಡಿಸ್ಕನ್ನ ಸಮತಟ್ಟಾದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿ, ಯಾವ್ದರ ಹೊರ ಅಂಚು ಮೇಜಿಂದ ಎತ್ತರಕ್ಕಿದೆಯೋ, ಮೇಲ್ಭಾಗ ಚಪ್ಪಟೆ ಇದೆಯೋ ಅದು ಜಾಸ್ತಿ ಓವರ್‌ಸ್ಟೇಬಲ್ ಇರೋ ಸಾಧ್ಯತೆ. ಅಂಗಡಿಯವರು ವಿಚಿತ್ರವಾಗಿ ನೋಡ್ತಾರೆ, ನೋಡ್ಲಿ.

ತೂಕಕ್ಕೂ ನಿಯಮ ಇದೆ, ಅಡ್ಡಗಲದ ಒಂದು ಸೆಂಟಿಮೀಟರಿಗೆ 8.3 ಗ್ರಾಂ ಮಿತಿ, 21.1 ಸೆಂಟಿಮೀಟರ್ ಡ್ರೈವರ್‌ಗೆ ಲೆಕ್ಕ ಹಾಕಿದ್ರೆ 175 ಗ್ರಾಂ ಬರತ್ತೆ, ಅದಕ್ಕೇ ಡ್ರೈವರ್‌ಗಳ ಮೇಲೆ ಆ ನಂಬರ್ ಅಷ್ಟು ಕಾಣೋದು. ಗಾಳಿಗೆ ಅಂತ ತಗೊಳ್ಳೋದಾದ್ರೆ 172-175. ಹಗುರ ಡಿಸ್ಕ್ ಗಾಳಿಗೆ ಬೇಗ ಸೋಲತ್ತೆ, ಗಾಳಿ ಡಿಸ್ಕನ್ನ 160 ಗ್ರಾಮಲ್ಲಿ ತಗೊಂಡ್ರೆ ಏನೂ ಉಪಯೋಗ ಇಲ್ಲ.

ಇನ್ನು ಊರಿನ ಎತ್ತರ. ಮೇಲೆ ಹೋದಷ್ಟೂ ಗಾಳಿ ತೆಳು, ತೆಳು ಗಾಳೀಲಿ ಎಲ್ಲಾ ಡಿಸ್ಕೂ ಕಮ್ಮಿ ಟರ್ನ್ ಆಗತ್ತೆ, ಬೇಗ ಎಡಕ್ಕೆ ಬೀಳತ್ತೆ. ಡೆನ್ವರ್ 1,600 ಮೀಟರ್ ಎತ್ತರದಲ್ಲಿದೆ, ಅಲ್ಲಿರೋರು ನಾನು ಹೇಳಿದ್ದಕ್ಕಿಂತ ಒಂದು ಮೆಟ್ಟಿಲು ಕಮ್ಮಿ ಓವರ್‌ಸ್ಟೇಬಲ್ ತಗೊಂಡ್ರೂ ನಡೆಯತ್ತೆ. ಸಾಂಟಾ ಕ್ರೂಝ್‌ನ ಡಿಲವಿಯಾಗಾ ತರ ಸಮುದ್ರದ ಹತ್ತಿರದ ಕೋರ್ಸಲ್ಲಿ ದಪ್ಪ ಗಾಳಿ, ಅಲ್ಲಿ ಅದೇ ಡಿಸ್ಕ್ ಜಾಸ್ತಿ ನೆಟ್ಟಗೆ ಹೋಗತ್ತೆ. ರಜಕ್ಕೆ ಊರಿಗೆ ಹೋಗುವಾಗ ಡಿಸ್ಕ್ ತಗೊಂಡು ಹೋಗಿ ಬಯಲಲ್ಲಿ ಎಸೆಯೋ ಹುಚ್ಚಿದ್ರೆ, ಬೆಂಗಳೂರು 900 ಮೀಟರ್ ಎತ್ತರ ಮಂಗಳೂರು ಸಮುದ್ರ ಮಟ್ಟ, ವ್ಯತ್ಯಾಸ ಸಣ್ಣದು ಆದ್ರೂ ಗಮನಿಸಿದ್ರೆ ಗೊತ್ತಾಗತ್ತೆ. ಬೀಚಲ್ಲಿ ಗಾಳಿ ಜೋರಿರೋ ಸಂಜೆ ಮಾತ್ರ ನೀರಿನ ಕಡೆ ಮುಖ ಮಾಡಿ ಎಸೀಬೇಡಿ, ಈ ಡ್ರೈವರ್‌ಗಳಲ್ಲಿ ಮುಕ್ಕಾಲು ಪಾಲು ಮುಳುಗೋ ಜಾತಿ.

ಸೆಕೆಂಡ್‌ಹ್ಯಾಂಡ್ ಬುಟ್ಟಿ ನೋಡೋ ಅಭ್ಯಾಸ ಇರೋರಿಗೆ ಒಂದು ಮಾತು. ಬಳಸಿದ ಫೈರ್‌ಬರ್ಡ್ ತಗೊಂಡ್ರೆ ಅದು ಹೊಸದರಷ್ಟು ಎಡಕ್ಕೆ ಹೋಗಲ್ಲ, ಅಂಚಲ್ಲಿ ಎಷ್ಟು ಗಾಯ ಇದೆ ಅಂತ ಬೆರಳಾಡಿಸಿ ನೋಡಿ, ಗಾಳಿಗೆ ಬೇಕಿದ್ರೆ ಬಿಟ್ಬಿಡಿ. ಆದ್ರೆ ಸವೆದ ಡಿಸ್ಟ್ರಾಯರ್ ಸಿಕ್ರೆ ಬಿಡ್ಬೇಡಿ, 300-330 ಅಡಿ ಕೈಗೆ ಹೊಸ ಡಿಸ್ಟ್ರಾಯರ್‌ಗಿಂತ ಅದು ಚೆನ್ನಾಗಿ ಹಾರತ್ತೆ, ಬೆಲೇನೂ ಅರ್ಧ. ಹೊಸದು ತಗೊಳ್ಳೋರು ಮೋಲ್ಡ್ ಇಷ್ಟ ಆಯ್ತು ಅಂದ್ರೆ ಬೇರೆ ಕಂಪನಿ ಹುಡುಕೋ ಬದ್ಲು ಅದರಲ್ಲೇ ಇನ್ನೊಂದು ತಗೊಂಡು ಒಂದನ್ನ ದಿನಾ ಎಸೀರಿ, ಒಂದನ್ನ ಗಾಳಿ ದಿನಕ್ಕೆ ಅಂತ ಎತ್ತಿಡಿ, ಮೊದಲನೇದು ಸವೆದು ನೆಟ್ಟಗೆ ಹಾರೋಕೆ ಶುರುವಾಗೋ ಹೊತ್ತಿಗೆ ಒಂದೇ ಹಿಡಿತದಲ್ಲಿ ಎರಡು ತರ ಹಾರೋ ಡಿಸ್ಕ್ ನಿಮ್ಮ ಬ್ಯಾಗಲ್ಲಿರತ್ತೆ. ಎರಡಕ್ಕೂ ಬೇರೆ ಬೇರೆ ಬಣ್ಣ ತಗೊಳ್ಳಿ, ಟೀ ಮೇಲೆ ನಿಂತಾಗ ಗೊತ್ತಾಗ್ಬೇಕಲ್ಲ.